ಇವರಿಂದ, ಇವರಿಗೆ

ನಮ್ಮ ಓಣಿಯಲ್ಲಿ ಏನಾದರೂ ಆಗಿದೆ ಎಂದು ಮೊದಲು ಗೊತ್ತಾಗುವುದು ಮಗ್ಗದ ಸದ್ದು ನಿಂತಾಗ. ಇಳಕಲ್ಲಿನ ನೇಕಾರರ ಮನೆಗಳಲ್ಲಿ ಹೊತ್ತು ಮೂಡುತ್ತಲೇ ಲಾಳಿ ಓಡತೊಡಗುತ್ತದೆ. ದಿನವಿಡೀ ಕಿವಿಗೆ ಬೀಳುವ ಸದ್ದು ಅದು, ಇದ್ದಷ್ಟು ಹೊತ್ತು ಯಾರಿಗೂ ಕೇಳಿಸುವುದಿಲ್ಲ. ಹೋದ ತಿಂಗಳು ಒಂದು ಮುಂಜಾನೆ ಎದುರು ಮನೆಯ ಕುಣಿಮಗ್ಗ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಆ ಮನೆಯ ಹೆಣ್ಣುಮಗಳು ನಮ್ಮ ಕಟ್ಟೆಯ ಮುಂದೆ ಬಂದು ನಿಂತಳು. ಕೈಯಲ್ಲಿ ಒಂದು ಬಿಳಿ ಹಾಳೆ, ಬೆನ್ನಹಿಂದೆ ಸೆರಗು ಹಿಡಿದುಕೊಂಡ ಮಗಳು. ಮಗಳಿಗೆ ಈಗ ನಾಲ್ಕನೇ ಇಯತ್ತೆ.

"ಕಾಕಾರ, ಒಂದು ಅರ್ಜಿ ಬರದ ಕೊಡ್ರಿ. ಸಾಲೀಗೆ ಕೊಡೋದೈತಿ."

ಮೂವತ್ತು ವರ್ಷ ಕಚೇರಿಯೊಂದರ ಟಪಾಲು ಮೇಜಿನ ಮುಂದೆ ಕೂತವನು ನಾನು. ಓಣಿಯವರ ಅರ್ಜಿ ಬರೆದುಕೊಡುವುದು ಹೊಸತಲ್ಲ. ಆದಾಯ ಪ್ರಮಾಣಪತ್ರಕ್ಕೋ ವಿದ್ಯಾರ್ಥಿವೇತನಕ್ಕೋ ಇರಬೇಕೆಂದು ಪೆನ್ನು ತೆಗೆದೆ. "ಅಕ್ಕೋರ ಮ್ಯಾಲಿಂದ್ರಿ" ಎಂದಳು. ಅಕ್ಕೋರು ಅಂದರೆ ಮಗಳ ಶಿಕ್ಷಕಿ. ಅಷ್ಟು ಹೇಳುವಾಗ ಧ್ವನಿ ತಗ್ಗಿತು. ಓಣಿಯ ಆ ತುದಿ ಈ ತುದಿ ಎರಡೂ ನೋಡಿದಳು.

ಆ ನೋಟ ನನ್ನ ಮನಸ್ಸಿನಿಂದ ಹೋಗಿಲ್ಲ. ಕಳವು ಮಾಡಲು ಬಂದವರಂತೆ ಆಕೆ ಅತ್ತಿತ್ತ ನೋಡಬೇಕಾದ ಕಾರಣವಾದರೂ ಏನಿತ್ತು? ನಮ್ಮ ಸೀಮೆಯಲ್ಲಿ ಗುರು, ಲಿಂಗ, ಜಂಗಮ ಎಂದು ಹೇಳುವಾಗ ಗುರುವೇ ಮೊದಲು. ಕೂಡಲಸಂಗಮ ಇರುವುದು ನಮ್ಮದೇ ಹುನಗುಂದದ ನೆಲದಲ್ಲಿ. ಇಲ್ಲಿಯ ಹಳಬರು ಮಗನನ್ನು ಶಾಲೆಗೆ ಹಾಕುವಾಗ ಮಾಸ್ತರರ ಕಾಲು ಮುಟ್ಟಿ ಹೇಳುತ್ತಿದ್ದ ಮಾತು ನನಗೆ ಚೆನ್ನಾಗಿ ನೆನಪಿದೆ: ಎರಡು ಕಣ್ಣು ಬಿಟ್ಟು ಉಳಿದ ಮೈಯೆಲ್ಲ ನಿಮ್ಮದ್ರಿ ಗುರುಗಳ. ಛಡಿ ಛಮ್ ಛಮ್, ವಿದ್ಯಾ ಘಮ್ ಘಮ್ ಎನ್ನುವ ಮಾತು ಮುಂಬೈ ಇಲಾಖೆಯ ಕಾಲದಿಂದ ನಮ್ಮ ಬಾಯಲ್ಲಿ ಉಳಿದಿದೆ. ಇದರಲ್ಲಿ ಪ್ರೀತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ನನಗೆ ಅಕ್ಷರ ಕಲಿಸಿದವರ ಋಣ ನನ್ನ ಮೇಲಿದೆ. ಆದರೆ ಮೈಯೆಲ್ಲ ನಿಮ್ಮದು ಎಂದು ಒಪ್ಪಿಸಿಕೊಟ್ಟವರ ಮೊಮ್ಮಕ್ಕಳಿಗೆ, ಆ ಮೈ ಮಗುವಿನದು ಎಂದು ಬರೆದು ಕೊಡಲು ಇಂದಿಗೂ ಕೈ ನಡುಗುತ್ತದೆ.

ನಡೆದದ್ದು ಇಷ್ಟು. ಹುಡುಗಿ ಮುಂಜಾನೆ ತಾಯಿಗೆ ಲಾಳಿಯ ನೂಲಿನ ಕಂಡಿಕೆ ಸುತ್ತಿಕೊಟ್ಟು ಶಾಲೆಗೆ ಹೋಗುತ್ತಾಳೆ. ಕಂಡಿಕೆ ಇಲ್ಲದೆ ಲಾಳಿ ಓಡುವುದಿಲ್ಲ, ಲಾಳಿ ಓಡದಿದ್ದರೆ ಸೀರೆ ಇಳಿಯುವುದಿಲ್ಲ. ಹೀಗಾಗಿ ಪ್ರಾರ್ಥನೆಗೆ ತಡವಾಗುತ್ತದೆ. ಅಕ್ಕೋರು ಎರಡು ಸಲ ಹೇಳಿ ನೋಡಿದರು. ಮೂರನೆಯ ಸಲ ಮೊದಲ ತಾಸು ಮುಗಿಯುವವರೆಗೆ ಪಡಸಾಲೆಯಲ್ಲಿ ನಿಲ್ಲಿಸಿದರು. ಮರುದಿನವೂ ನಿಲ್ಲಿಸಿದರು, ಅದರ ಮರುದಿನವೂ. ಆ ಮೂರನೆಯ ದಿನ ಎಲ್ಲ ಮಕ್ಕಳ ಮುಂದೆ ಒಂದು ಮಾತು ಅಂದರು: "ನಿನಗ ಸಾಲಿ ಯಾಕ ಬೇಕು? ಮಗ್ಗದಾಗ ಕುಂದ್ರ ಹೋಗು." ಮಕ್ಕಳು ನಕ್ಕರು. ಅಂದಿನಿಂದ ಹುಡುಗಿಗೆ ಮುಂಜಾನೆ ಆದರೆ ಹೊಟ್ಟಿಬ್ಯಾನಿ. ತಾಯಿ ಅಜವಾನದ ನೀರು ಕುಡಿಸಿದಳು, ದೃಷ್ಟಿ ತೆಗೆದಳು. ಐದನೆಯ ದಿನ ರಾತ್ರಿ ಹಾಸಿಗೆಯಲ್ಲಿ ಹುಡುಗಿ ಬಾಯಿ ಬಿಟ್ಟಳು.

ಮೈಮೇಲೆ ಒಂದು ಬಾಸುಂಡೆಯೂ ಇಲ್ಲ. "ಹೊಡದಿಲ್ಲ ಬಡದಿಲ್ಲ, ಅದಕ್ಕೇನು ಅರ್ಜಿ ಕೊಡ್ತಿ" ಎಂದು ಮನೆಯ ಗಂಡಸರು ಅಂದರಂತೆ. ನಾನು ಆಕೆಗೆ ಹೇಳಿದೆ, ತಂಗಿ, ಕೊಡಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆ ಕೊಡಬಾರದು ಎಂಬಷ್ಟಕ್ಕೇ ನಿಂತಿಲ್ಲ, ಮಾನಸಿಕ ಕಿರುಕುಳವನ್ನೂ ಅದೇ ಉಸಿರಿನಲ್ಲಿ ನಿಷೇಧಿಸಿದೆ. ಬೆತ್ತಕ್ಕೂ ಮಾತಿಗೂ ಆ ಕಲಂ ಭೇದ ಮಾಡಿಲ್ಲ. ಮಾಡಬೇಕಾಗಿಯೂ ಇಲ್ಲ. ಬಾಸುಂಡೆ ಎಂಟು ದಿನಕ್ಕೆ ಮಾಯುತ್ತದೆ. ಮಗ್ಗದಲ್ಲಿ ಕೂಡ್ರು ಹೋಗು ಎಂಬ ಮಾತು, ಮಗ್ಗದ ಮನೆಯ ಹುಡುಗಿಗೆ, ಎಷ್ಟು ದಿನಕ್ಕೆ ಮಾಯುತ್ತದೆ?

ಅರ್ಜಿಗೆ ಕೂತೆವು. ಮೇಲೆ 'ಇವರಿಂದ' ಎಂದು ಬರೆದು ತಾಯಿಯ ಹೆಸರು, ಕೆಳಗೆ 'ಇವರಿಗೆ' ಎಂದು ಬರೆದು ಮುಖ್ಯಗುರುಗಳು. ಆಮೇಲೆ ವಿಷಯ. ಕಚೇರಿಯ ಅಭ್ಯಾಸದಂತೆ ನಾನು 'ಶಿಕ್ಷಕಿಯವರ ಅನುಚಿತ ವರ್ತನೆಯ ಕುರಿತು' ಎಂದು ಬರೆದೆ. ಓದಿ ಹೇಳಿದಾಗ ತಾಯಿಗೆ 'ಅನುಚಿತ' ತಿಳಿಯಲಿಲ್ಲ. ತನಗೆ ತಿಳಿಯದ ಮಾತಿನ ಕೆಳಗೆ ಆಕೆ ಹೇಗೆ ಸಹಿ ಮಾಡಬೇಕು? ಹೊಡೆದುಹಾಕಿ, 'ನನ್ನ ಮಗಳನ್ನು ಮೂರು ದಿನ ವರ್ಗದ ಹೊರಗೆ ನಿಲ್ಲಿಸಿದ ಬಗ್ಗೆ' ಎಂದು ತಿದ್ದಿದೆ. ಸಾವಿರಾರು ಅರ್ಜಿ ಓದಿದ ಅನುಭವದಿಂದ ಹೇಳುತ್ತೇನೆ: ದೊಡ್ಡ ಶಬ್ದಗಳ ಅರ್ಜಿ ಬೇಗ ಫೈಲು ಸೇರುತ್ತದೆ. ಯಾವ ದಿನ, ಯಾವ ಹೊತ್ತು, ಯಾವ ಜಾಗ, ಯಾರು ಏನು ಅಂದರು ಎಂದು ಬರೆದದ್ದಕ್ಕೆ ಮಾತ್ರ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.

ಹುಡುಗಿಯನ್ನು ಹತ್ತಿರ ಕೂಡ್ರಿಸಿಕೊಂಡು, ನೀನು ಹೇಳವ್ವ, ನಾನು ಬರೆಯುತ್ತೇನೆ ಎಂದೆ. ಮೊದಲು ತಾಯಿಯ ಮುಖ ನೋಡಿದಳು. ಆಮೇಲೆ ಹೇಳಿದಳು, ಹೇಳಿದ ಹಾಗೇ ಬರೆದೆ. ತಿರುಗಿ ಓದುವಾಗ ಒಂದು ಕಡೆ ನನ್ನ ಕೈ ಮೇಲೆ ಕೈ ಇಟ್ಟು ತಡೆದಳು. ನಾನು 'ಬೈದರು' ಎಂದು ಬರೆದಿದ್ದೆ. "ಬೈದ್ರು ಅಂತ ಬರೀಬ್ಯಾಡ್ರಿ ಅಜ್ಜಾರ. ಅಂದ್ರು ಅಂತ ಬರೀರಿ. ಅಕ್ಕೋರು ಸಣ್ಣ ಧ್ವನೀಲೇ ಅಂದ್ರು." ಒಂಬತ್ತು ವರ್ಷದ ಮಗು. ಅವಮಾನ ಆಕೆಯದು, ಆದರೂ ಅವಮಾನ ಮಾಡಿದವರ ಬಗ್ಗೆ ಒಂದು ಅಕ್ಷರ ಹೆಚ್ಚಾಗಬಾರದು ಎಂಬ ಎಚ್ಚರ ಆಕೆಗಿತ್ತು. ಮಕ್ಕಳು ಸುಳ್ಳು ಹೇಳುತ್ತಾರೆ ಎಂದು ಶಾಲೆಗಳಲ್ಲಿ ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ!

ಮಗಳ ಆ ಎಚ್ಚರ ಕಂಡ ಮೇಲೆ ತಾಯಿ ತಾನೂ ಒಂದು ಮಾತು ಸೇರಿಸಲು ಹೇಳಿದಳು. "ತಡಾ ಆಗಿದ್ದು ಖರೇನ್ರಿ. ಅದು ನಮ್ಮ ತಪ್ಪು, ಕೂಸಿಂದಲ್ಲ. ಅದನ್ನೂ ಬರೀರಿ." ಬರೆದೆ. ಕೊನೆಗೆ, ಏನು ಬೇಕೆಂದು ಕೇಳಲಿ ತಂಗಿ, ಎಂದೆ. ಅಕ್ಕೋರಿಗೆ ಶಿಕ್ಷೆ ಬ್ಯಾಡ, ವರ್ಗಾವಣೆ ಬ್ಯಾಡ, ಅವರಿಗೂ ಮಕ್ಕಳು ಮರಿ ಇರ್ತಾವ, "ನನ್ನ ಮಗಳನ್ನ ಒಳಗ ಕರ್ಕೋಲಿ, ಅಷ್ಟ ಸಾಕ್ರಿ." ಸಹಿ ಮಾಡಲು ಹೊತ್ತು ಹಿಡಿಯಿತು. ಸೀರೆಯ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದೇ ಕೊಂಡಿ ಹಾಕಿ ಕೂಡಿಸುವ ಬೆರಳುಗಳು ಪೆನ್ನನ್ನು ಗಟ್ಟಿಯಾಗಿ ಹಿಡಿದು ನಾಲ್ಕು ಅಕ್ಷರ ಕೂಡಿಸಿದವು.

ಅರ್ಜಿ ಮುಗಿದರೂ ಆಕೆ ಏಳಲಿಲ್ಲ. "ನಾಳೆ ಮತ್ತ ಅದ ವರ್ಗದಾಗ ಕುಂದ್ರಬೇಕಲ್ರಿ ಈಕಿ" ಎಂದಳು.

ಇಡೀ ವಿಷಯದ ಗಂಟು ಇಲ್ಲಿದೆ. ಜಮೀನಿನ ತಕರಾರಿಗೆ ಅರ್ಜಿ ಕೊಟ್ಟವನು ಮನೆಗೆ ಬಂದು ಬಾಗಿಲು ಹಾಕಿಕೊಳ್ಳಬಹುದು. ಶಾಲೆಗೆ ಅರ್ಜಿ ಕೊಟ್ಟವರ ಮಗು ಮರುದಿನ ಹತ್ತು ಗಂಟೆಗೆ ಅದೇ ಕೋಣೆಗೆ ಹೋಗಿ, ಅದೇ ಅಕ್ಕೋರ ಮುಂದೆ ಪಾಟಿಚೀಲ ಬಿಚ್ಚಬೇಕು. ಅರ್ಜಿಯ ಬಡ್ಡಿಯನ್ನು ಮಗು ಕಟ್ಟಬೇಕಾದೀತು ಎಂಬ ಭಯ ಅದು. ಕಾಯ್ದೆಯ 32ನೇ ಕಲಂ ಪ್ರಕಾರ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಬರವಣಿಗೆಯಲ್ಲಿ ದೂರು ಕೊಡಬಹುದು. ಇಬ್ಬರ ಮಾತನ್ನೂ ಕೇಳಿ 3 ತಿಂಗಳಲ್ಲಿ ತೀರ್ಮಾನ ಹೇಳಬೇಕು, ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಒಳ್ಳೆಯದೇ. ಆದರೆ ಆ 3 ತಿಂಗಳು ಮಗು ಎಲ್ಲಿ ಕೂಡಬೇಕು, ಯಾರ ಮುಂದೆ ಕೂಡಬೇಕು ಎಂಬುದರ ಬಗ್ಗೆ ಆ ಕಲಮಿನಲ್ಲಿ ಒಂದು ಸಾಲೂ ಇಲ್ಲ. ದೂರು ಬಂದ ದಿನವೇ ಮುಖ್ಯಗುರುಗಳು ಆ ಮಗುವನ್ನು ಕರೆದು ಮಾತಾಡಿಸಬೇಕು, ಸಾಧ್ಯವಿದ್ದರೆ ವಿಚಾರಣೆ ಮುಗಿಯುವವರೆಗೆ ಬೇರೆ ಶಿಕ್ಷಕರ ಕಣ್ಣಳತೆಯಲ್ಲಿ ಇಡಬೇಕು, ದಿನಕ್ಕೊಮ್ಮೆ ಹೇಗಿದ್ದೀ ಎಂದು ಕೇಳಬೇಕು. ಇದಕ್ಕೆ ದುಡ್ಡು ಬೇಕಿಲ್ಲ. ಒಂದು ಸುತ್ತೋಲೆ ಸಾಕು. ಇದನ್ನು ಓದುವ ಅಧಿಕಾರಿಗಳಲ್ಲಿ ನಾನು ಕೈಮುಗಿದು ಕೇಳುವುದು ಇದೊಂದನ್ನೇ.

ಈ ಭಯಕ್ಕೆ ನಮ್ಮ ಜನ ಕಂಡುಕೊಂಡ ದಾರಿಗಳಿವೆ. ಉಳ್ಳವರು ಟಿಸಿ ಕಿತ್ತುಕೊಂಡು ಬೇರೆ ಶಾಲೆಗೆ ಹಾಕುತ್ತಾರೆ. ಅವರ ಮಗು ಪಾರಾಗುತ್ತದೆ, ಆ ವರ್ಗದ ಉಳಿದ ಮಕ್ಕಳು ಅಲ್ಲೇ ಉಳಿಯುತ್ತಾರೆ. ಹಳ್ಳಿಗಳಲ್ಲಿ ನಾಲ್ಕು ಮಂದಿ ಹಿರಿಯರು ಗುಡಿಯ ಕಟ್ಟೆಗೆ ಕೂಡಿಸಿ ರಾಜಿ ಮಾಡಿಸುತ್ತಾರೆ. ಸಣ್ಣಪುಟ್ಟ ಮುನಿಸಿಗೆ ಅದೂ ಆದೀತು. ಮೈ ಮುಟ್ಟಿದ ವಿಷಯಕ್ಕೆ ರಾಜಿ ಎಂಬುದೇ ಇಲ್ಲ, ಇರಲೂಬಾರದು. ಅಲ್ಲಿ ಮುಖ್ಯಗುರುಗಳಿಗೆ ಅರ್ಜಿ ಕೊಟ್ಟು ಕಾಯಬೇಕಾಗಿಯೂ ಇಲ್ಲ, ನೇರ ಪೊಲೀಸ್ ಠಾಣೆಗೆ ಹೋಗಬೇಕು, ಇಲ್ಲವೇ 1098ಕ್ಕೆ ಫೋನ್ ಮಾಡಬೇಕು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಯುವ 2012ರ ಪೋಕ್ಸೊ ಕಾಯ್ದೆಯಂತೆ, ಕೈಕೆಳಗಿನವರು ಮಾಡಿದ್ದು ಗೊತ್ತಿದ್ದೂ ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಬರೆದುಕೊಳ್ಳಬಹುದು, ಬರೆದುಕೊಳ್ಳುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಊರಿನ ಮಾನ ಹೋಗುತ್ತದೆ ಎಂದು ಇದನ್ನು ಕಟ್ಟೆಯ ಮೇಲೆ ಮುಚ್ಚಿಹಾಕಿದ ಹಿರಿಯರನ್ನು ನಾನು ಹಿರಿಯರು ಎಂದು ಕರೆಯಲಾರೆ.

ಇನ್ನೊಂದು ದಾರಿ ಈಚಿನದು: ಮೊಬೈಲು. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸಂಗತಿ 2023ರ ಡಿಸೆಂಬರಿನಲ್ಲಿ ವಿಡಿಯೊ ಹೊರಬಂದ ಮೇಲೆ ನಾಡಿಗೆ ತಿಳಿಯಿತು. ಪ್ರಾಂಶುಪಾಲರೂ ಸೇರಿ ಸಿಬ್ಬಂದಿ ಅಮಾನತಾದರು, ಪೊಲೀಸ್ ಪ್ರಕರಣವಾಯಿತು. ಅಲ್ಲಿ ಮೊಬೈಲು ಮಕ್ಕಳನ್ನು ಕಾಯಿತು. ಆದರೆ ಅದಾಗಿ ಎರಡೇ ತಿಂಗಳಿಗೆ, 2024ರ ಫೆಬ್ರುವರಿಯಲ್ಲಿ, ಮಂಗಳೂರಿನ ಸಂತ ಜೆರೋಸಾ ಶಾಲೆಯಲ್ಲಿ ನಡೆದದ್ದನ್ನೂ ನೋಡಿದೆವು. ಶಿಕ್ಷಕಿಯೊಬ್ಬರು ಪಾಠದಲ್ಲಿ ದೇವರನ್ನು ಅವಮಾನಿಸಿದರು ಎಂಬ ಆರೋಪ ಧ್ವನಿ ಸಂದೇಶವಾಗಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು, ಶಾಲೆಯ ಮುಂದೆ ಜನ ಸೇರಿದರು, ಘೋಷಣೆಗಳಾದವು, ಶಿಕ್ಷಕಿಯನ್ನು ಕೆಲಸದಿಂದ ತೆಗೆದರು. ಐಎಎಸ್ ಅಧಿಕಾರಿಯಿಂದ ವಿಚಾರಣೆ ಎಂದು ಸರ್ಕಾರ ಹೇಳಿದ್ದು ಅದರ ನಂತರ. ತಪ್ಪು ಯಾರದು ಎಂಬ ಮಾತಿಗೆ ನಾನು ಹೋಗುವುದಿಲ್ಲ. ಶಿಕ್ಷೆ ಮೊದಲಾಗಿ ವಿಚಾರಣೆ ಆಮೇಲಾಯಿತು, ನನ್ನ ಸಂಕಟ ಅದರದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಅಂದದ್ದು ಶಿಕ್ಷಕರಿಗೂ ಸಲ್ಲಬೇಕಲ್ಲವೇ? ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಅದನ್ನೇ ಹೇಳುತ್ತದೆ. ಕರ್ತವ್ಯ ತಪ್ಪಿದ ಶಿಕ್ಷಕರ ಮೇಲೆ ಕ್ರಮ ಕೈಗೊಳ್ಳುವ ಮುಂಚೆ ಅವರ ಮಾತನ್ನು ಕೇಳಲೇಬೇಕು. ಹೆಸರು, ದಿನಾಂಕ, ಸಹಿ ಇರುವ ಅರ್ಜಿಗೆ ಶಿಕ್ಷಕರು ಉತ್ತರ ಬರೆಯಬಹುದು. ಗೇಟಿನ ಮುಂದೆ ಕೂಗುವ ಗುಂಪಿಗೆ ಯಾರು ಏನು ಉತ್ತರ ಬರೆಯಬಲ್ಲರು?

ಸಹಿ ಮಾಡಿದ ಕಾಗದ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ದೂರದ ಸ್ಕಾಟ್ಲೆಂಡಿನ ಇಬ್ಬರು ತಾಯಂದಿರನ್ನು ನೆನೆಯುತ್ತೇನೆ. ಅಲ್ಲಿಯ ಶಾಲೆಗಳಲ್ಲಿ ದಪ್ಪ ಚರ್ಮದ ಪಟ್ಟಿಯಿಂದ ಮಕ್ಕಳ ಅಂಗೈಗೆ ಹೊಡೆಯುತ್ತಿದ್ದರು. ಒಬ್ಬ ತಾಯಿ, ನನ್ನ ಮಗನಿಗೆ ಹೊಡೆಯುವುದಿಲ್ಲ ಎಂದು ಭರವಸೆ ಕೊಡಿ ಎಂದು ಕೇಳಿದಳು, ಕೊಡಲಿಲ್ಲ. ಇನ್ನೊಬ್ಬಳ ಮಗ ಸ್ಮಶಾನದ ಒಳದಾರಿಯಿಂದ ಮನೆಗೆ ಹೋಗಲು ನೋಡಿದ್ದಕ್ಕೆ ಪಟ್ಟಿಯೇಟಿಗೆ ಕೈ ಒಡ್ಡು ಎಂದರು. ಹುಡುಗ ಒಲ್ಲೆ ಎಂದ, ತಂದೆತಾಯಿ ಅವನ ಬೆನ್ನಿಗೆ ನಿಂತರು, ಶಾಲೆ ಅವನನ್ನು ಹೊರಗಿಟ್ಟಿತು. ಇಬ್ಬರೂ 1976ರಲ್ಲಿ ಸ್ಟ್ರಾಸ್‌ಬರ್ಗಿಗೆ ದೂರು ಬರೆದರು. ಕ್ಯಾಂಪ್‌ಬೆಲ್ ಮತ್ತು ಕೊಸಾನ್ಸ್ ಪ್ರಕರಣ ಎಂದೇ ಹೆಸರಾದ ಆ ಮೊಕದ್ದಮೆಯಲ್ಲಿ ಅಲ್ಲಿಯ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1982ರ ಫೆಬ್ರುವರಿ 25ರಂದು ತಾಯಂದಿರ ಪರವಾಗಿ ತೀರ್ಪು ಕೊಟ್ಟಿತು. 1986ರಲ್ಲಿ ಬ್ರಿಟನ್ ಕಾನೂನು ಮಾಡಿತು, 1987ರಿಂದ ಆ ದೇಶದ ಸರ್ಕಾರಿ ಶಾಲೆಗಳಲ್ಲಿ ಹೊಡೆತ ನಿಂತಿತು. ತಾಯಂದಿರು ಬರೆದು ಹನ್ನೊಂದು ವರ್ಷ. ಅವರ ಮಕ್ಕಳು ಅಷ್ಟು ಹೊತ್ತಿಗೆ ಶಾಲೆ ಬಿಟ್ಟು ದೊಡ್ಡವರಾಗಿದ್ದರು. ಅವರ ಅರ್ಜಿಯ ಫಲ ಉಂಡದ್ದು ಆಮೇಲೆ ಶಾಲೆಗೆ ಬಂದ ಮಕ್ಕಳು.

ನಮ್ಮಲ್ಲಿ ಬರೆಯಲು ಯಾರೂ ಇಲ್ಲದ ಮಕ್ಕಳೂ ಇದ್ದಾರೆ. ಬಾದಾಮಿ, ಹುನಗುಂದದ ಕಡೆಯ ಹಳ್ಳಿಗಳಿಂದ ಮಂಗಳೂರಿಗೆ, ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಗುಳೆ ಹೋದವರ ಮಕ್ಕಳು ಅಜ್ಜಿಯ ಹತ್ತಿರ ಉಳಿದು ಶಾಲೆಗೆ ಹೋಗುತ್ತಾರೆ. ಆ ಮಗುವಿಗೆ ಹೊಟ್ಟಿಬ್ಯಾನಿ ಬಂದರೆ ಅಜ್ಜಿ ಅಜವಾನದ ನೀರು ಕೊಡುತ್ತಾಳೆ, ಅಲ್ಲಿಗೆ ಮುಗಿಯಿತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂದು ಇದೆಯಲ್ಲ, ಎಸ್‌ಡಿಎಂಸಿ, ಅದು ಇರಬೇಕಾದದ್ದು ಇಂಥ ಮಕ್ಕಳಿಗಾಗಿ. ಕಾಯ್ದೆಯಂತೆ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧ ಹೆಣ್ಣುಮಕ್ಕಳಿರಬೇಕು. ಕೋಣೆ ಕಟ್ಟುವುದಕ್ಕೆ, ಧ್ವಜ ಹಾರಿಸುವುದಕ್ಕೆ ಕೂಡುವ ಸಮಿತಿ ತಿಂಗಳಿಗೊಮ್ಮೆ ಕೂತು, ಯಾವ ಮಗು ಯಾಕೆ ಬರುತ್ತಿಲ್ಲ ಎಂದು ಕೇಳಿದರೆ ಅರ್ಧ ದೂರುಗಳು ಅರ್ಜಿಯಾಗುವ ಮೊದಲೇ ತೀರುತ್ತವೆ.

ಇಳಕಲ್ ಮಠದ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ ಎಂದು ಬೇಡಿದವರು. ಅವರು ಹುಟ್ಟಿದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಸೆರೆ, ಬೀಡಿ, ಗುಟಕಾ ಆ ಜೋಳಿಗೆಗೆ ಬಿದ್ದವು. ಮಗುವನ್ನು ಅದರ ಮನೆತನದ ಕಸುಬು ಹಿಡಿದು ಹಂಗಿಸುವ ಚಟವನ್ನೂ ಅದರಲ್ಲಿ ಹಾಕಬಹುದಿತ್ತು ಎಂದು ಅಂದು ಅರ್ಜಿ ಮಡಚುವಾಗ ಅನ್ನಿಸಿತು.

ಮರುದಿನ ಪ್ರಾರ್ಥನೆಗೆ ಮೊದಲೇ ಮೂವರೂ ಶಾಲೆಗೆ ಹೋದೆವು. ಮುಖ್ಯಗುರುಗಳು ಸಜ್ಜನರು. ಎರಡು ಸಲ ಓದಿದರು. "ಬರವಣಿಗಿಗೆ ಯಾಕ ತಂದ್ರಿ ತಂಗಿ, ಬಾಯಿಲೆ ಹೇಳಿದ್ರ ಆಗ್ತಿತ್ತಲ್ಲ" ಎಂದರು. ಆಕೆ ನೆಲ ನೋಡಿಕೊಂಡೇ ಹೇಳಿದಳು: "ಬಾಯಿಲೆ ಹೇಳಾಕ ಬಂದಿದ್ನಿರಿ. ನೀವು ಮೀಟಿಂಗಿಗೆ ಹೋಗಿದ್ರಿ. ಇವತ್ತ ಮಗ್ಗಾ ಬಿಟ್ಟು ಬಂದೀನ್ರಿ." ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆಯಾಗಿದೆ, ಅರ್ಜಿ ಹಿಡಿದು ಹುನಗುಂದದ, ಬಾಗಲಕೋಟೆಯ ನವನಗರದ ಕಚೇರಿಗಳಿಗೂ ಹೋಗಿಬರಬಹುದು. ಆದರೆ ಮಗ್ಗ ನಿಂತ ಹೊತ್ತಿನ ಕೂಲಿಯನ್ನು ಯಾರೂ ತುಂಬಿಕೊಡುವುದಿಲ್ಲ. ಮುಖ್ಯಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಪ್ರತಿಯ ಮೇಲೆ 'ಸ್ವೀಕರಿಸಿದೆ' ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ, ಶಾಲೆಯ ದುಂಡು ಮುದ್ರೆ ಒತ್ತಿದರು. ಟಪಾಲು ಮೇಜಿನಲ್ಲಿ ಅಂಥ ಮುದ್ರೆ ಸಾವಿರಾರು ಒತ್ತಿದ್ದೇನೆ. ಆಚೆಯಿಂದ ನಿಂತು ನೋಡಿದವನಲ್ಲ. ಶಾಯಿ ಒಣಗುವವರೆಗೆ ಆಕೆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ವಾರದ ನಂತರ ಅಕ್ಕೋರು ಲಿಖಿತ ಉತ್ತರ ಕೊಟ್ಟರು. ಎರಡು ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಕೂಡ್ರಿಸಿ ಪಾಠ ಮಾಡುತ್ತಿದ್ದೇನೆ, ತಡವಾಗಿ ಬರುವವರಿಂದ ಮೊದಲ ತಾಸು ಹಾಳಾಗುತ್ತದೆ, ನಿಲ್ಲಿಸಿದ್ದು ನಿಜ, ಆ ಮಾತು ಅಂದದ್ದೂ ನಿಜ, ಅನ್ನಬಾರದಿತ್ತು ಎಂದು ಬರೆದಿದ್ದರು. ಮುಖ್ಯಗುರುಗಳು ಅದನ್ನು ಓದಿ ಹೇಳಿದಾಗ ನಾನೂ ಇದ್ದೆ. ಒಬ್ಬ ಶಿಕ್ಷಕಿ ತನ್ನ ಕೈಬರಹದಲ್ಲಿ ಅನ್ನಬಾರದಿತ್ತು ಎಂದು ಬರೆಯುವುದು ಸಣ್ಣ ಮಾತಲ್ಲ. ಎರಡು ಇಯತ್ತೆಗೆ ಒಬ್ಬರೇ ಎಂಬ ಅವರ ದೂರನ್ನು ಹುನಗುಂದದ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಕಳಿಸುವುದಾಗಿ ಮುಖ್ಯಗುರುಗಳು ಹೇಳಿದರು. ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ. ಅಕ್ಕೋರು ಆಕೆಯೊಡನೆ ಇನ್ನೂ ಹೆಚ್ಚು ಮಾತಾಡುವುದಿಲ್ಲವಂತೆ.

ಕಂಡಿಕೆ ಸುತ್ತುವುದು ಈಗ ಸಂಜೆಗೆ ಬಂದಿದೆ. ದಿನಾ ಒಂಬತ್ತೂವರೆಗೆ ಎದುರು ಮನೆಯ ಮಗ್ಗ ನಿಲ್ಲುತ್ತದೆ. ತಾಯಿ ಕುಣಿಯಿಂದ ಎದ್ದು, ಕೈಗೆ ಹತ್ತಿದ ನೂಲಿನ ಎಳೆಗಳನ್ನು ಸೆರಗಿಗೆ ಒರೆಸಿಕೊಂಡು, ಮಗಳ ಪಾಟಿಚೀಲ ತಾನೇ ಹೊತ್ತು ಶಾಲೆಯ ಗೇಟಿನವರೆಗೆ ಹೋಗಿ ಬರುತ್ತಾಳೆ. ಕಾಲು ತಾಸು. ಆಮೇಲೆ ಲಾಳಿ ಮತ್ತೆ ಓಡುತ್ತದೆ.